ಕಾಳಿಲ್ಲದ ಹೆಗಲು

ನನ್ನ ತಂಗಿ ನೀಲಗಂಗವ್ವ ಶಿವನ ಪಾದ ಸೇರಿದ ಸುದ್ದಿ ಊರಿಗೆ ತಿಳಿದದ್ದು ಸೋಮವಾರ ಬೆಳಿಗ್ಗೆ. ಭಾನುವಾರ ದೀಪ ಹಚ್ಚುವ ಹೊತ್ತಿಗೆ ಅವಳ ಉಸಿರು ನಿಂತಿತ್ತು. ದವಾಖಾನೆಯಿಂದ ಮನೆಗೆ ತಂದು, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದೆ. ಮೊದಲು ಬಂದವನು ಹಾಲಿನ ಈರಪ್ಪ. ಕ್ಯಾನನ್ನು ಕೆಳಗಿಟ್ಟು, ಒಳಗೆ ಇಣುಕಿ ನೋಡಿ, ಕೈ ಮುಗಿದು, "ಹೆಗಲು ಯಾರ್ದು ಮಾಮಾ?" ಎಂದು ಕೇಳಿದ. ಅವನ ಹಿಂದೆ ಎದುರು ಮನೆಯ ಶಾವಂತ್ರೆವ್ವ ಅಳುತ್ತಲೇ ಬಂದಳು. ಮೂಗು ಒರೆಸಿಕೊಂಡು ಮುಗಿಯುವ ಮೊದಲೇ ಅವಳೂ ಅದನ್ನೇ ಕೇಳಿದಳು. ಎಂಟು ಗಂಟೆಯೊಳಗೆ ಏಳು ಮಂದಿ ಬಂದು ಹೋದರು. ಏಳು ಮಂದಿಯೂ ಹೆಗಲನ್ನು ಕೇಳಿದರು. ಕೊನೆಗೆ ನೋವುಂಡಳೆ, ಬಾಯಿಗೆ ನೀರು ಹೋಯಿತೆ, ಏನಾದರೂ ಹೇಳಿದಳೆ ಎಂದು ಒಬ್ಬರೂ ಕೇಳಲಿಲ್ಲ. ಅವರನ್ನು ಬಯ್ಯುವ ಹಕ್ಕು ನನಗಿಲ್ಲ. ಮೂವತ್ತು ವರ್ಷ ಈ ಊರಿಗೆ ಆ ಪ್ರಶ್ನೆಯನ್ನು ಕಲಿಸಿದವನು ನಾನೇ.

ಒಂಬತ್ತಕ್ಕೆ ಇಬ್ಬರು ಕಂಪೌಂಡರುಗಳು ಒಬ್ಬರ ಹಿಂದೊಬ್ಬರು ಬಂದರು. ಹೃದಯದ ಡಾಕ್ಟರು ಮುದಕವಿಯವರ ಕಂಪೌಂಡರು ಅಂಗಳದಲ್ಲೇ ನಿಂತು ಹೇಳಿದ: "ನಮ್ಮ ಸಾಹೇಬ್ರು ಭಾಳ ನೊಂದಾರ ಮಾಮಾ. ಆದ್ರ ಅಕ್ಕಾರಿಗೆ ಅವರು ಬರೇ ಎಕೋ ಮಾಡಿ ನೋಡಿದ್ದು. ಔಷಧ ಅಂತ ಒಂದು ಗುಳಿಗಿನೂ ಕೊಟ್ಟಿಲ್ಲ. ನಾಕು ಮಂದಿಗೆ ಗೊತ್ತಿರ್ಲಿ ಅಂತ ಹೇಳಿ ಕಳಿಸ್ಯಾರ." ಗಡ್ಡೆಯ ಡಾಕ್ಟರು ಹಂಚಿನಾಳರ ಕಂಪೌಂಡರು ಅವನಿಗಿಂತ ಚುರುಕು; ಸಾಹೇಬರು ಸಹಿ ಮಾಡಿದ ಚೀಟಿಯನ್ನೇ ತಂದಿದ್ದ. ಪರೀಕ್ಷೆಗೆಂದು ಒಂದು ಸಲ ಸೂಜಿ ಚುಚ್ಚಿದ್ದು ಬಿಟ್ಟರೆ ರೋಗಿಗೆ ಏನೂ ಮಾಡಿಲ್ಲವೆಂದು ಅದರಲ್ಲಿ ಬರೆದಿತ್ತು.

"ಗೊತ್ತೈತೆಪ್ಪಾ," ಎಂದೆ. "ಹನ್ನೊಂದು ವಾರ ಏನೂ ಮಾಡಿಲ್ಲ ಅನ್ನೋದು ನನಗಿಂತ ಚೆಂದ ಯಾರಿಗೆ ಗೊತ್ತು? ಒಳಗ ಹೋಗಿ ಆಕಿ ಮುಖಾ ನೋಡಿ ಬರ್ರಿ."

ಇಬ್ಬರೂ ಒಳಗೆ ಹೋಗಲಿಲ್ಲ. ಜತೆಯಾಗಿ ಬೀದಿ ಇಳಿದು ಹೋದರು.

ನಮ್ಮ ಊರಲ್ಲಿ ರೋಗಿ ತೀರಿಕೊಂಡರೆ ಔಷಧ ಕೊಡುತ್ತಿದ್ದ ಡಾಕ್ಟರು ಬರಿಗಾಲಲ್ಲಿ ಬಂದು ಚಟ್ಟದ ಮುಂಭಾಗಕ್ಕೆ ಹೆಗಲು ಕೊಡಬೇಕು. ಮಣ್ಣು ಮುಗಿದ ಮರುದಿನ ಬೆಳಗಾಗುವಷ್ಟರಲ್ಲಿ ಆ ಹೆಗಲ ಮೇಲೆ ಕಡಲೆಯ ಗಾತ್ರದ ಒಂದು ಕಾಳು ಏಳುತ್ತದೆ. ಅದು ನೋಯುವುದಿಲ್ಲ, ಮಾಯುವುದೂ ಇಲ್ಲ. ಹೆಗಲು ಕೊಡದ ಡಾಕ್ಟರಿಗೆ ಆಮೇಲೆ ಯಾರೂ ಕೈ ಚಾಚಿ ನಾಡಿ ತೋರಿಸುವುದಿಲ್ಲ. ಡಾಕ್ಟರ ಹೆಗಲಿಲ್ಲದೆ ಹೋದ ಹೆಣವನ್ನು ಅನಾಥ ಹೆಣ ಎನ್ನುತ್ತಾರೆ. ಆದ್ದರಿಂದ ನಮ್ಮಲ್ಲಿ ರೋಗಿಯಾದವನು ದವಾಖಾನೆಯೊಳಗೆ ಹೋಗಿ, ನಮಸ್ಕಾರ ಮಾಡಿ, ಡಾಕ್ಟರ ಎಡ ಹೆಗಲ ಮೇಲೆ ಅಂಗೈಯಿಟ್ಟು ನೋಡಿ, ಆಮೇಲೆ ಕುರ್ಚಿಯಲ್ಲಿ ಕೂರುತ್ತಾನೆ. ಇದಕ್ಕೆಂದೇ ಡಾಕ್ಟರುಗಳ ಅಂಗಿಯ ಎಡ ಹೆಗಲಲ್ಲಿ ಎರಡು ಗುಂಡಿಯ ಒಂದು ಪಟ್ಟಿ ಇರುತ್ತದೆ. ಊರವರು ಅದನ್ನು ಕಿಟಕಿ ಎನ್ನುತ್ತಾರೆ. ಮುದಕವಿಯವರ ಹೆಗಲಲ್ಲಿ ಮೂರು ಕಾಳು. ಹಂಚಿನಾಳರ ಹೆಗಲು ತೊಳೆದಿಟ್ಟ ತಟ್ಟೆಯಂತೆ. ಅವರು ಅದಕ್ಕೆ ಎಣ್ಣೆ ಸವರಿಕೊಳ್ಳುತ್ತಾರೆಂದೂ ಹೇಳುತ್ತಾರೆ. ಇಬ್ಬರ ಬಾಗಿಲಲ್ಲೂ ಬೆಳಿಗ್ಗೆ ಆರಕ್ಕೇ ಪಾಳಿ ಹಚ್ಚಬೇಕು.

ಈ ಕಿಟಕಿಗಳನ್ನು ಹೊಲಿದವನು ನಾನು, ಬಸಲಿಂಗಪ್ಪ ಸಿಂಪಿ. ಅಳತೆ ತೆಗೆಯುವಾಗ ನೂಲಿನ ಟೇಪು ಹೆಗಲ ಮೇಲಿಂದ ಹಾಯುತ್ತದಲ್ಲ, ಬಟ್ಟೆಯ ಮೇಲಿನಿಂದಲೇ ನನ್ನ ಬೆರಳಿಗೆ ಕಾಳಿನ ಲೆಕ್ಕ ಸಿಗುತ್ತಿತ್ತು. ಊರಲ್ಲಿ ಯಾರಿಗೆ ಎದೆ ನೋವು ಬಂದರೂ, ಯಾರಿಗೆ ಗಡ್ಡೆ ಕಂಡರೂ ಮೊದಲು ನನ್ನ ಅಂಗಡಿಗೆ ಬರುತ್ತಿದ್ದರು. "ಯಾರ ಕಡೆ ಹೋಗ್ಲಿ ಮಾಮಾ?" ಎನ್ನುತ್ತಿದ್ದರು. ನಾನು ಲಿಂಗಪೂಜೆ ಮುಗಿಸದೆ ಉತ್ತರ ಹೇಳುತ್ತಿರಲಿಲ್ಲ. ಪೂಜೆ ಮುಗಿಸಿ, ಕಣ್ಣಿಗೆ ತೀರ್ಥ ಒತ್ತಿಕೊಂಡು, "ಮುದಕವಿ, ಮೂರು," ಎನ್ನುತ್ತಿದ್ದೆ. ಒಂದು ಬಿಡಿಗಾಸು ಮುಟ್ಟಿದವನಲ್ಲ. ಶಿವನ ಸೇವೆಯೆಂದೇ ತಿಳಿದಿದ್ದೆ. ಆ ಸೇವೆಯಲ್ಲಿ ಎಷ್ಟು ಗರ್ವವಿತ್ತೆಂಬುದು ಶಿವನಿಗೆ ಆಗಲೇ ಗೊತ್ತಿತ್ತು. ನನಗೆ ಈಗ ತಿಳಿದಿದೆ.

ನೀಲಗಂಗವ್ವ ನನಗಿಂತ ಆರು ವರ್ಷ ಸಣ್ಣವಳು. ಗಂಡ ತೀರಿದ ಮೇಲೆ ನನ್ನ ಮನೆಯಲ್ಲೇ ಇದ್ದಳು. ಅಂಗಡಿಯಲ್ಲಿ ಉಳಿದ ಚೂರು ಬಟ್ಟೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಈ ಊರಿನ ಬಾಣಂತಿಯರೆಲ್ಲ ಅವಳ ಕೌದಿಯಲ್ಲಿ ಮಲಗಿ ಎದ್ದವರೇ. ಯುಗಾದಿಯಾದ ಮೇಲೆ ಒಂದು ದಿನ ನನ್ನೆದುರು ಕುಳಿತು, "ಅಣ್ಣಾ, ಎಡ ಎದಿಯಾಗ ಅವರೀಕಾಯಿಯಷ್ಟು ಗಡ್ಡಿ ಕೈಗೆ ಹತ್ತೈತಿ," ಎಂದಳು. ಅಟ್ಟ ಹತ್ತಿದರೆ ಅವಳಿಗೆ ಮೊದಲಿನಿಂದಲೂ ಏದುಸಿರು ಬರುತ್ತಿತ್ತು. ಅದನ್ನು ವಯಸ್ಸು ಎಂದುಕೊಂಡಿದ್ದೆವು. ನಾನು ಯಾರನ್ನೂ ಕೇಳುವ ಪ್ರಮೇಯವೇ ಇರಲಿಲ್ಲ. ಮರುದಿನ ಹಂಚಿನಾಳರ ಪಾಳಿಯಲ್ಲಿ ನಿಂತೆವು.

ಹಂಚಿನಾಳರು ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. "ಹೆದರಬ್ಯಾಡ್ರಿ, ಸಣ್ಣದೈತಿ, ತೆಗೀಬಹುದು," ಎಂದವರು ಅವಳ ಎದೆಗೆ ನಳಿಗೆ ಹಚ್ಚಿ ಕೇಳಿದೊಡನೆ ಮುಖ ಸಪ್ಪಗೆ ಮಾಡಿದರು. "ಎದಿ ಬಡಿತ ಸರಿ ಇಲ್ಲ. ಮೇಜಿನ ಮ್ಯಾಲೆ ಏನರ ಆದ್ರ? ಹೃದಯ ಗಟ್ಟಿ ಐತಿ ಅಂತ ಮುದಕವಿಯವರ ಕಡೆಯಿಂದ ಚೀಟಿ ತರ್ರಿ," ಎಂದರು. ಮುದಕವಿಯವರ ಪಾಳಿಯಲ್ಲಿ ನಿಂತೆವು. ಅವರು ಎಕೋ ಮಾಡಿ, "ಎದಿ ಪಂಪಿಂಗ್ ಮೂವತ್ತೈದು ಐತಿ, ಅರವತ್ತು ಇರಬೇಕಿತ್ತು. ಗುಳಿಗಿ ಕೊಟ್ಟು ಏರಿಸಬಹುದು. ಆದ್ರ ಮೈಯಾಗ ಕ್ಯಾನ್ಸರ್ ಇಟ್ಕೊಂಡು ನಾ ಗುಳಿಗಿ ಶುರು ಮಾಡಿದ್ರ ನಾಳೆ ಏನಾದ್ರೂ ನನ್ನ ತಲಿಗೆ ಬರ್ತದ. ಮೊದಲು ಅವರು ಗಡ್ಡಿ ತೆಗೀಲಿ," ಎಂದರು. ಅವರು ತಲೆ ಎಂದರು. ಕೈ ಮಾತ್ರ ಹೆಗಲ ಕಿಟಕಿಯ ಗುಂಡಿಯ ಮೇಲಿತ್ತು.

ಹೀಗೆ ಶುರುವಾಯಿತು. ಹಂಚಿನಾಳರ ದವಾಖಾನೆ ಊರ ಮೂಡಲಿಗೆ, ಮುದಕವಿಯವರದು ಪಡುವಲಿಗೆ. ನಡುವೆ ಎರಡು ಮೈಲಿ. ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ಒಯ್ಯುವುದು, ಅವರು ಅದರ ಬೆನ್ನಿಗೆ ಮತ್ತೊಂದು ಸಾಲು ಬರೆಯುವುದು. 'ಹೃದಯತಜ್ಞರ ಒಪ್ಪಿಗೆಯ ಮೇರೆಗೆ' ಎಂದು ಒಬ್ಬರು, 'ಗಡ್ಡೆತಜ್ಞರ ವಿವೇಚನೆಗೆ ಬಿಟ್ಟಿದೆ' ಎಂದು ಇನ್ನೊಬ್ಬರು. ಎಂತಹ ಸೊಗಸಾದ ಕನ್ನಡ. ಆರನೆಯ ವಾರಕ್ಕೆ ಆಟೋದ ಮೌಲಾಲಿ ನಾವು ಹತ್ತಿದ ಕೂಡಲೇ, "ಇವತ್ತು ಗಡ್ಡಿ ಕಡೀಗೋ, ಎದಿ ಕಡೀಗೋ?" ಎಂದು ಕೇಳುವಂತಾಯಿತು.

ನೀಲಗಂಗವ್ವ ಅವನಿಗೆ ಹೇಳಿದಳು: "ಎರಡೂ ಒಂದ ಊರಾಗ ಅದಾವೋ ತಮ್ಮಾ. ಒಂದ ಮೈಯಾಗ ಅದಾವ. ಗೇಣುದ್ದ ಅಂತರಿಲ್ಲ. ಅದನ್ನ ಯಾರಾರ ಆ ಇಬ್ಬರಿಗೆ ಹೇಳಿದ್ರ ಪುಣ್ಯಾ ಬರ್ತದ."

ನಾನು ನಕ್ಕೆ. ಆಗ ಇನ್ನೂ ನಗುವಷ್ಟು ಭರವಸೆ ಇತ್ತು. ದೊಡ್ಡ ಡಾಕ್ಟರುಗಳು ಅವಸರ ಮಾಡುವುದಿಲ್ಲ, ಆದ್ದರಿಂದಲೇ ಅವರ ಹೆಗಲಲ್ಲಿ ಕಾಳು ಕಡಿಮೆ ಎಂದು ಅವಳಿಗೆ ಸಮಾಧಾನ ಹೇಳಿದೆ.

ಇನ್ನು ನನ್ನ ತಪ್ಪು. ಅದು ನಡೆದದ್ದು ಮೂರನೆಯ ವಾರದಲ್ಲೇ. ಊರಲ್ಲಿ ಇನ್ನೊಬ್ಬ ಡಾಕ್ಟರಿದ್ದಾರೆ, ಕಾಶೀಬಾಯಿ. ಅರವತ್ತು ದಾಟಿದ ಹೆಣ್ಣುಮಗಳು. ಹಳೆಯ ಹತ್ತಿ ಗಿರಣಿಯ ಗೋದಾಮಿನಲ್ಲಿ ಹದಿನೆಂಟು ಮಂಚ ಹಾಕಿ ದವಾಖಾನೆ ನಡೆಸುತ್ತಾರೆ. ಅವರ ಬಿಳಿ ಕೋಟಿಗೆ ಹೊಸ ಕಿಟಕಿ ಇಡಿಸಲು ಅಂಗಡಿಗೆ ಬಂದಿದ್ದರು. ಟೇಪು ಹಿಡಿದರೆ ಅವರ ಎಡ ಹೆಗಲು ಜೋಳದ ತೆನೆಯಂತೆ ಕೈಗೆ ಹತ್ತಿತು. ನೂರಾ ನಲವತ್ತು ಎಣಿಸಿದೆ. ಒಳಗಿನಿಂದ ಚಹಾ ತಂದ ನೀಲಗಂಗವ್ವನ ಉಸಿರು ಕೇಳಿಯೇ ಅವರು ತಿರುಗಿ ನೋಡಿದರು. ಕೂರಿಸಿ ನಾಡಿ ಹಿಡಿದರು, ಕಾಲಿನ ಬಾವು ಒತ್ತಿದರು, ಎಲ್ಲ ಕೇಳಿ ತಿಳಿದುಕೊಂಡರು.

"ಸಿಂಪಿಯವರ, ತಂಗೀನ್ನ ನಾಳೆನ ನನ್ನ ಕಡೆ ಕರಕೊಂಡು ಬರ್ರಿ," ಎಂದರು. "ಎದಿಗೆ ಗುಳಿಗಿ ಬಂದ ದಿನಾನ ಶುರು ಮಾಡೋದು. ನಾಕು ವಾರದಾಗ ಸ್ವಲ್ಪ ಏರ್ತದ, ಆಮ್ಯಾಲೆ ಗಡ್ಡಿ ತೆಗಿಯೋದು. ಎರಡೂ ಕೂಡೇ ನೋಡಬೇಕಾಗ್ತದ. ಉಳೀತಾರ ಅಂತ ಬರಕೊಡಾಂಗಿಲ್ಲ. ಆದ್ರ ಪ್ರಯತ್ನಕ್ಕ ಜಾಗಾ ಐತಿ."

"ನೋಡೋಣ್ರಿ ಬಾಯಾರ," ಎಂದು ಕೈ ಮುಗಿದೆ. ಅವರು ಹೋದ ಮೇಲೆ ನೀಲಗಂಗವ್ವ ಹೋಗೋಣವೆಂದಳು. ನಾನು ಸಿಟ್ಟಾದೆ. "ನೂರಾ ನಲವತ್ತು ಮಂದೀನ್ನ ಹೊತ್ತ ಹೆಗಲದು. ಊರಿಗೆಲ್ಲಾ ದಾರಿ ತೋರಿಸಿದಾಂವ ನಾನು ನನ್ನ ತಂಗೀನ್ನ ಅಲ್ಲಿಗೆ ಕಳಿಸ್ಲ್ಯಾ?" ಎಂದೆ.

"ಆಕಿ ನನ್ನ ಕಾಲಾರ ಮುಟ್ಟಿದ್ಲಣ್ಣಾ," ಎಂದಳು ನೀಲಗಂಗವ್ವ. "ಅವರಿಬ್ಬರು ಬರೇ ಕಾಗದಾ ಮುಟ್ಟತಾರ."

ಆ ಮಾತು ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಇನ್ನೂ ಎಂಟು ವಾರ ನಾವು ಮೂಡಲಿಗೂ ಪಡುವಲಿಗೂ ತಿರುಗಿದೆವು. ಅವರೆಕಾಯಿಯಷ್ಟಿದ್ದದ್ದು ನಿಂಬೆಯಾಯಿತು. ಅವಳಿಗೆ ಮಲಗಲು ಬಾರದಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಮೂರು ದಿಂಬಿಗೆ ಒರಗಿ ಕುಳಿತೇ ಇರುತ್ತಿದ್ದಳು. ಕುಳಿತಲ್ಲೇ ಕೌದಿಯ ಹೊಲಿಗೆ ಹಾಕುತ್ತಿದ್ದಳು. ಹನ್ನೊಂದನೆಯ ವಾರದ ಬುಧವಾರ ಹಂಚಿನಾಳರು ಅವಳನ್ನು ಬಾಗಿಲಲ್ಲೇ ನೋಡಿ, "ಈಗ ಕೈ ಮೀರೇತಿ. ಇಷ್ಟು ತಡಾ ಮಾಡಬಾರದಿತ್ತು ನೀವು," ಎಂದರು. ನೀವು ಎಂದರು. ನನ್ನ ಕೈಯಲ್ಲಿ ಅವರಿಬ್ಬರ ಬರಹದ ಹನ್ನೆರಡು ಚೀಟಿಗಳಿದ್ದವು. ಮುಖಕ್ಕೆ ಎಸೆಯಬೇಕಿತ್ತು. ಮಡಿಸಿ ಕಿಸೆಗೆ ಹಾಕಿಕೊಂಡೆ. ಹಿರಿಯರೆದುರು, ವಿದ್ಯಾವಂತರೆದುರು ದನಿ ಎತ್ತಬಾರದೆಂದು ಕಲಿತ ಬಾಯಿ.

ಆಟೋದಲ್ಲಿ ನೀಲಗಂಗವ್ವ ಮೌಲಾಲಿಯ ಬೆನ್ನು ತಟ್ಟಿ, "ಗಿರಣಿ ಕಡೆ ತಿರುಗಿಸೋ," ಎಂದಳು. ನಾನು ಬೇಡವೆನ್ನಲಿಲ್ಲ.

ಆ ಗೋದಾಮಿನೊಳಗೆ ನಾನು ಅದುವರೆಗೆ ಕಾಲಿಟ್ಟಿರಲಿಲ್ಲ. ಹದಿನೆಂಟು ಮಂಚವೂ ತುಂಬಿದ್ದವು. ಒಬ್ಬೊಬ್ಬರನ್ನೇ ನೋಡುತ್ತ ಹೋದೆ. ಅರ್ಧಕ್ಕರ್ಧ ಮಂದಿ ಗುರುತಿನವರು. ನನ್ನ ಅಂಗಡಿಗೆ ಬಂದು ದಾರಿ ಕೇಳಿ ಹೋದವರು. ನಾನು ಕಳಿಸಿದ ಬಾಗಿಲುಗಳು ಅವರನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಔಷಧ ಕೊಡುವ ಕಿಟಕಿಯಲ್ಲಿ ನೇಕಾರ ಹುಸೇನಸಾಬ ನಿಂತಿದ್ದ. ಎಂಟು ವರ್ಷದ ಹಿಂದೆ ಎದೆ ಹಿಡಿದುಕೊಂಡು ಬಂದಿದ್ದವನು. ಮುದಕವಿ, ಮೂರು, ಎಂದಿದ್ದೆ. ಆಮೇಲೆ ಅವನು ಕಾಣಲಿಲ್ಲವಾಗಿ ಮಣ್ಣಾಗಿರಬೇಕೆಂದುಕೊಂಡಿದ್ದೆ.

"ಏನ್ ಮಾಮಾ, ದಾರಿ ತಪ್ಪಿ ಬಂದ್ರೇನು?" ಎಂದು ನಕ್ಕ. "ಅವರು ನನ್ನ ಎಕೋ ನೋಡಿ ಗೇಟಿನಿಂದ ಹೊರಗ ಹಾಕಿದ್ರು. ಅದ ನನ್ನ ದೈವ. ಒಳಗ ಕರೀತಾರ ಅಂತ ಅಲ್ಲೇ ಕುಂತಿದ್ದರ ನೀವು ಮಣ್ಣಿಗೆ ಬರಬೇಕಾಗ್ತಿತ್ತು. ತಿಂಗಳಿಗೊಮ್ಮೆ ಗುಳಿಗಿ ಒಯ್ತೀನಿ, ಎರಡು ಮಗ್ಗ ನಡಿಸ್ತೀನಿ."

ನಾನು ಅವನ ಮುಖ ನೋಡಲಾರದೆ ಅವನ ಚೀಲ ನೋಡಿದೆ. ಅವನು ಬದುಕಿದ್ದು ಯಾರ ಹೆಗಲಲ್ಲೂ ಕಾಳಾಗಿ ಎದ್ದಿರಲಿಲ್ಲ. ನನ್ನ ಬೆರಳಿಗೆ ತಿಳಿಯುವುದಾದರೂ ಹೇಗೆ?

ಕಾಶೀಬಾಯಿ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ನೀಲಗಂಗವ್ವನನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಬೆನ್ನಿಗೆ ಸೂಜಿ ಹಾಕಿ, ಎದೆಯೊಳಗೆ ಕಟ್ಟಿದ್ದ ನೀರನ್ನು ತೆಗೆದರು. ಒಂದೂವರೆ ತಂಬಿಗೆಯಷ್ಟು ನೀರು. ನೋವಿಗೆ ಔಷಧ ಕೊಟ್ಟರು. ಆ ದಿನ ನನ್ನ ತಂಗಿ ಅಂಗಾತ ಮಲಗಿ ನಿದ್ದೆ ಮಾಡಿದಳು. ಎರಡು ತಿಂಗಳಲ್ಲಿ ಮೊದಲ ನಿದ್ದೆ. ಎದ್ದವಳು ನುಚ್ಚು ಮಜ್ಜಿಗೆ ಕೇಳಿ ಉಂಡಳು.

ಹೊರಗೆ ಕರೆದು ಡಾಕ್ಟರು ಹೇಳಿದರು: "ನಾಕೈದು ದಿನ. ಹೆಚ್ಚಿಲ್ಲ."

"ಹಂಗಾದ್ರ ನೀವ್ಯಾಕ ಕೈ ಹಾಕಿದ್ರಿ ಬಾಯಾರ?" ಎಂದೆ. ನನ್ನ ಬಾಯಿಗೆ ಆಗಲೂ ಲೆಕ್ಕವೇ ಬಂತು. "ಸುಮ್ಮನ ನಿಮ್ಮ ಹೆಗಲಿಗೆ ಒಂದು ಕಾಳು."

ಅವರು ಕನ್ನಡಕ ಒರೆಸಿಕೊಳ್ಳುತ್ತ, "ಸಿಂಪಿಯವರ, ಮೂವತ್ತು ವರ್ಷ ಎಷ್ಟು ಮಂದಿ ಸತ್ತರು ಅಂತ ಎಣಿಸಿದ್ರಿ. ಎಷ್ಟು ಮಂದಿ ಬಂದಿದ್ರು ಅಂತ ಒಮ್ಮೆರ ಕೇಳಿದ್ರೇನು?" ಎಂದರು. ಯಾರೋ ಕರೆಯುತ್ತಿದ್ದರು, ಒಳಗೆ ಹೋದರು.

ಶನಿವಾರ ನೀಲಗಂಗವ್ವ ನನ್ನನ್ನು ಹತ್ತಿರ ಕರೆದಳು. ಅರ್ಧ ಹೊಲಿದ ಕೌದಿ ಮಂಚದ ಮೇಲಿತ್ತು. "ಇದನ್ನ ಇಲ್ಲೇ ಬಿಡು. ಈ ಮಂಚದ ಮ್ಯಾಲಿನ ಗಾದಿ ಭಾಳ ಚುಚ್ಚತೈತಿ, ನನ್ನ ಹಿಂದ ಬರೋರಿಗೆ ಆಗ್ತದ," ಎಂದಳು. ಉಳಿದ ಹೊಲಿಗೆಯನ್ನು ನಾನು ಹಾಕುವೆನೆಂದೆ. "ನಿನ್ನ ಹೊಲಿಗಿ ಬಿಗಿ ಭಾಳಾಗ್ತದ. ಕೌದಿಗೆ ಸಡ್ಲ ಇರಬೇಕು," ಎಂದು ನಕ್ಕಳು. ಆಮೇಲೆ ಸ್ವಲ್ಪ ಹೊತ್ತಿಗೆ, "ನಾ ನಿನ್ನ ಮ್ಯಾಲೆ ಸಿಟ್ಟಾಗಿಲ್ಲಣ್ಣಾ. ಆಗಿದ್ದೆ. ಈಗಿಲ್ಲ," ಎಂದಳು. ಮರುದಿನ ಸಂಜೆ ಹೋದಳು. ಅವಳ ಒಂದು ಕೈಯನ್ನು ನಾನು ಹಿಡಿದಿದ್ದೆ, ಇನ್ನೊಂದನ್ನು ಕಾಶೀಬಾಯಿ.

ಸೋಮವಾರ ಮಧ್ಯಾಹ್ನ ಕಾಶೀಬಾಯಿ ಬರಿಗಾಲಲ್ಲಿ ಬಂದು ಚಟ್ಟದ ಮುಂಭಾಗಕ್ಕೆ ಹೆಗಲು ಕೊಟ್ಟರು. ಸುಡುವ ಬಿಸಿಲು. ದಾರಿಯಲ್ಲಿ ಉಳಿದ ಮೂರು ಹೆಗಲು ಬದಲಾದವು, ಅವರು ಬದಲಾಗಲಿಲ್ಲ. ಮಣ್ಣು ಮಾಡುವಲ್ಲಿಗೆ ಮುದಕವಿಯವರೂ ಬಂದಿದ್ದರು. ಬೇವಿನ ನೆರಳಲ್ಲಿ, ಚಟ್ಟದಿಂದ ಇಪ್ಪತ್ತು ಮಾರು ದೂರ ನಿಂತಿದ್ದರು. ಎಲ್ಲ ಮುಗಿದ ಮೇಲೆ ನನ್ನ ಬಳಿ ಬಂದು, ಮೆಲ್ಲನೆ, "ಏನ್ ಮಾಡೋದ್ರಿ ಸಿಂಪಿಯವರ, ಕಾಶೀಬಾಯಾರ ಕೈಯಾಗ ಹೋದ್ರು. ಅಲ್ಲಿಗೆ ಹೋದೋರು..." ಎಂದು ಮಾತು ಬಿಟ್ಟರು. ಶಿವಶಿವಾ. ಈ ಮುದಿ ಮೈಯಲ್ಲಿ ಅಷ್ಟು ಸಿಟ್ಟು ಇನ್ನೂ ಉಳಿದಿತ್ತೆಂದು ನನಗೆ ಗೊತ್ತಿರಲಿಲ್ಲ. ಕಿಸೆಯಲ್ಲಿದ್ದ ಹನ್ನೆರಡು ಚೀಟಿಗಳನ್ನು ತೆಗೆದು ಅವರ ಕೈಗಿಟ್ಟೆ. "ಇವು ನಿಮ್ಮವು ರೀ. ನಿಮ್ಮ ಕಾಳು," ಎಂದೆ. ಸುತ್ತ ನಿಂತವರಿಗೆ ಅರ್ಥವಾಗಲಿಲ್ಲ. ಮುದಕವಿಯವರಿಗೆ ಆಯಿತು, ಬೆವರು ಒರೆಸಿಕೊಳ್ಳುತ್ತ ಹೋದರು.

ಮಂಗಳವಾರ ಬೆಳಿಗ್ಗೆ ಅಂಗಡಿಯ ಮುಂದೆ ಆಗಲೇ ಐದಾರು ಮಂದಿ. "ನೂರಾ ನಲವತ್ತೊಂದಾತಲ್ಲ ಮಾಮಾ?" ಎಂದು ಒಬ್ಬ ಕೇಳಿದ. ನಾನು ಬಾಗಿಲು ತೆರೆಯದೆ ಗಿರಣಿಗೆ ನಡೆದೆ. ಕಾಶೀಬಾಯಿ ಚಹಾ ಕುಡಿಯುತ್ತಿದ್ದರು. ನನ್ನನ್ನು ಕಂಡು ಲೋಟ ಕೆಳಗಿಟ್ಟರು. ಸೆರಗು ಸರಿಸಿ, ಕೋಟಿನ ಕಿಟಕಿಯ ಎರಡು ಗುಂಡಿ ಬಿಚ್ಚಿದರು. ನಾನು ಹೊಲಿದ ಕಿಟಕಿ. "ಎಡಕ್ಕ ಜಾಗಾನ ಉಳಿದಿದ್ದಿಲ್ಲ," ಎಂದರು. "ಕುತ್ತಿಗಿ ಬುಡದಾಗ ನೋಡ್ರಿ. ಅಲ್ಲಿ ಸೇರಿಕೊಂಡಾರ ನಿಮ್ಮ ತಂಗಿ."

ಬೆರಳಿಟ್ಟೆ. ಹೊಸ ಕಾಳು, ಇನ್ನೂ ಮೆತ್ತಗಿತ್ತು. ಅದರ ಪಕ್ಕದ್ದು ಯಾರದೆಂದು ಕೇಳಿದೆ. "ಪಿಂಜಾರ ದಾವಲಬಿ," ಎಂದರು. ಅದರ ಕೆಳಗಿನದು? "ಹೆಸರು ಗೊತ್ತಿಲ್ಲ. ಬಸ್ ಸ್ಟ್ಯಾಂಡಿನಾಗ ಬಿದ್ದಿದ್ದ ಮುದುಕ. ಮೂರು ಕಡೆ ತಿರುಗಿ ಬಂದಿದ್ದ." ಅದರಾಚೆಯದು? ಒಂದೊಂದನ್ನೂ ಹೇಳುತ್ತ ಹೋದರು. ಮೂವತ್ತು ವರ್ಷ ನಾನು ಎಣಿಸಿದ್ದ ಹೆಗಲಲ್ಲಿ ಅಂದು ಮೊದಲ ಬಾರಿಗೆ ಎಣಿಕೆ ತಪ್ಪಿತು, ಮತ್ತೆ ಎಣಿಸಬೇಕೆನಿಸಲಿಲ್ಲ.

ಮನೆಗೆ ಬಂದರೆ ಹಂಚಿನಾಳರ ಕಂಪೌಂಡರು ಎರಡು ಹೊಸ ಅಂಗಿ ತಂದಿಟ್ಟು ಹೋಗಿದ್ದ, ಕಿಟಕಿ ಇಡಲು. ಮಿಷನ್ನಿನ ಮುಂದೆ ಕುಳಿತು ಎರಡರ ಹೆಗಲನ್ನೂ ನಾಲ್ಕು ಸುತ್ತು ಬಿಗಿಯಾಗಿ ಹೊಲಿದು ಮುಚ್ಚಿ ಕಳಿಸಿದೆ. ಬಿಗಿ ಹೊಲಿಗೆ ನನಗೆ ಚೆನ್ನಾಗಿ ಬರುತ್ತದೆ. ಈಗ ಯಾರಾದರೂ ದಾರಿ ಕೇಳಿ ಬಂದರೆ ಹೆಗಲು ಹೇಳುವುದಿಲ್ಲ. ಮೂರೂ ದವಾಖಾನೆಗಳ ಗೇಟಿನ ಮುಂದೆ ಒಂದೊಂದು ದಿನ ಕುಳಿತು, ಯಾರು ಒಳಗೆ ಹೋಗುತ್ತಾರೆ, ಯಾರನ್ನು ಹೊರಗೆ ಕಳಿಸುತ್ತಾರೆ ನೋಡಿ ಬನ್ನಿ ಎನ್ನುತ್ತೇನೆ. ಹೆಚ್ಚಿನವರಿಗೆ ಅಷ್ಟು ಪುರಸೊತ್ತಿಲ್ಲ. "ಮಾಮಾಗ ತಂಗಿ ಹೋದ ಮ್ಯಾಲೆ ತಲಿ ಕೆಟ್ಟೈತಿ," ಎಂದು ಮುದಕವಿಯವರ ಪಾಳಿಗೆ ಹೋಗಿ ನಿಲ್ಲುತ್ತಾರೆ.

ದಿನವೂ ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ಅಂಗೈಯ ಲಿಂಗದ ತಂಪು ಬೆರಳಿಗೆ ತಾಗುತ್ತದೆ, ಅದರ ಜತೆಗೆ ಆ ಮೆತ್ತನೆಯ ಕಾಳೂ ನೆನಪಾಗುತ್ತದೆ. ಶಿವನೇ, ನಿನ್ನ ಮನೆಯ ಬಾಗಿಲಲ್ಲಿ ಪಾಳಿ ಇಲ್ಲವೆಂದು ಹಿರಿಯರು ಹೇಳುತ್ತಿದ್ದರು. ನನ್ನ ತಂಗಿ ಇಲ್ಲಿ ಬಹಳ ಬಾಗಿಲು ತಿರುಗಿ ದಣಿದು ಬಂದಿದ್ದಾಳೆ. ಅವಳಿಂದ ಚೀಟಿ ಕೇಳಬೇಡ. ಏದುಸಿರು ಬಾರದ ಕಡೆ ಅವಳನ್ನು ಮಲಗಿಸು. ಅವಳು ಈ ಊರಿಗೆಲ್ಲ ಹೊದಿಸಿದಂತೆ ನೀನು ಅವಳಿಗೆ ಹೊದಿಸು. ನೀಲಗಂಗವ್ವನ ಜೀವ ತಣ್ಣಗಿರಲಿ, ತಂದೆ.